ಲ್ಯಾಬಿನ ಹಿಂದೆ ಬಿದ್ದಿರುವ ಕ್ಯೂಬುಗಳು: ಎಂಜಿನಿಯರಿಂಗ್ ಮಕ್ಕಳಿಗೆ ಸುಸ್ಥಿರತೆಯನ್ನು ಹೇಗೆ ಕಲಿಸೋಣ?

ಸಿವಿಲ್ ಉಪನ್ಯಾಸಕಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಹನ್ನೊಂದು ವರ್ಷಗಳಿಂದ ಇಲ್ಲಿಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಾಂಕ್ರೀಟ್ ತಂತ್ರಜ್ಞಾನ ಕಲಿಸುತ್ತಿದ್ದೇನೆ. ಮುಂದಿನ ವರ್ಷಕ್ಕೆ ‘ಸುಸ್ಥಿರತೆ’ ಎಂಬ ಐಚ್ಛಿಕ ವಿಷಯದ ಕರಡು ಬರೆದುಕೊಡುವಂತೆ ವಿಭಾಗದ ಸಭೆಯಲ್ಲಿ ನನಗೆ ಹೇಳಿದ್ದಾರೆ. ಐದು ಮಾಡ್ಯೂಲ್, ಒಂದೊಂದಕ್ಕೆ ಎಂಟು ಗಂಟೆ. ಬರೆಯಲು ಕುಳಿತರೆ ಕೈ ಓಡುತ್ತಿಲ್ಲ.

ನಮ್ಮ ಕಾಂಕ್ರೀಟ್ ಲ್ಯಾಬಿನ ಹಿಂದೆ, ಕಾಂಪೌಂಡಿಗೆ ಒತ್ತಿಕೊಂಡು, ಕಾಂಕ್ರೀಟಿನ ಬಲ ಅಳೆಯಲು ಎರಕ ಹೊಯ್ದು ಪರೀಕ್ಷೆ ಮುಗಿಸಿದ ಕ್ಯೂಬುಗಳ ಗುಡ್ಡೆ ಇದೆ. ಯಂತ್ರದ ಒತ್ತಡಕ್ಕೆ ಸಿಕ್ಕಿ ಪಕ್ಕೆ ಉದುರಿ, ನಡು ಸಣ್ಣಗಾಗಿ ಡಮರುವಿನಂತೆ ಉಳಿದವು. ಕೆಲವುಗಳ ಮೇಲೆ ಬಣ್ಣದಲ್ಲಿ ಬರೆದ ತಂಡದ ಸಂಖ್ಯೆ, ಎರಕ ಹೊಯ್ದ ದಿನಾಂಕ ಇನ್ನೂ ಓದಲು ಬರುತ್ತವೆ. ಕಳೆದ ವಾರ ಅಲ್ಲಿ ನಿಂತು ಲೆಕ್ಕ ಹಾಕಿದೆ. ‘ಭತ್ತದ ಹೊಟ್ಟಿನ ಬೂದಿ ಬೆರೆಸಿದ ಕಾಂಕ್ರೀಟ್’ ಎಂಬುದು ನಮ್ಮಲ್ಲಿ ವರ್ಷ ವರ್ಷವೂ ಯಾರಾದರೂ ಎತ್ತಿಕೊಳ್ಳುವ ಪ್ರಾಜೆಕ್ಟು. ನಾಲ್ಕು ಮಿಶ್ರಣ, 7, 14 ಮತ್ತು 28 ದಿನದ ಪರೀಕ್ಷೆ, ಪ್ರತಿ ಸಲಕ್ಕೆ ಮೂರು ಕ್ಯೂಬು, ಒಟ್ಟು 36. 150 ಮಿ.ಮೀ. ಕ್ಯೂಬು ಸುಮಾರು 8 ಕಿಲೋ ತೂಗುತ್ತದೆ. ಅಂದರೆ ಒಂದು ತಂಡದಿಂದ 290 ಕಿಲೋ ಕಾಂಕ್ರೀಟು, ಹೆಚ್ಚುಕಡಿಮೆ ಒಂದು ಚೀಲ ಸಿಮೆಂಟು. ಸಿಮೆಂಟು ಉಳಿಸುವ ದಾರಿ ಹುಡುಕಲು ಒಂದು ಚೀಲ ಖರ್ಚಾದರೆ ತಪ್ಪೇನಿಲ್ಲ. ಆದರೆ ಉತ್ತರ ಗೊತ್ತಿರುವ ಪ್ರಯೋಗವನ್ನೇ ಮತ್ತೆ ಮತ್ತೆ ಮಾಡಿ, ‘ಶೇ 10ರವರೆಗೆ ಬೆರೆಸಬಹುದು’ ಎಂದು ವರದಿಗೆ ಕ್ಯಾಲಿಕೋ ಬೈಂಡಿಂಗ್ ಹಾಕಿಸಿ ಕಪಾಟಿಗೆ ಸೇರಿಸುತ್ತಿದ್ದೇವೆ. ಒಂದು ಕ್ಯೂಬೂ ಕಾಲುದಾರಿಯ ಹಾಸಾಗಲಿಲ್ಲ.

ಇಂಥ ಪ್ರಾಜೆಕ್ಟುಗಳಿಗೆ ಮಾರ್ಗದರ್ಶಕಿ ಎಂದು ಸಹಿ ಹಾಕಿದವಳು ನಾನೇ. ಆದ್ದರಿಂದ ಹೊಸ ವಿಷಯ ಬರೆಯುವ ಮೊದಲು ಕೇಳುತ್ತಿದ್ದೇನೆ: ಇದನ್ನು ಬೇರೆಯೇ ಒಂದು ಪೇಪರ್ ಮಾಡಬೇಕೋ, ಇರುವ ವಿಷಯಗಳೊಳಗೇ ಹೆಣೆಯಬೇಕೋ? ನೆದರ್ಲೆಂಡ್ಸ್‌ನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯ 1990ರ ದಶಕದ ಕೊನೆಯಲ್ಲೇ ಮೂರು ದಾರಿಗಳನ್ನು ಒಟ್ಟಿಗೆ ಕೈಗೆತ್ತಿಕೊಂಡಿತು. ಎಲ್ಲರಿಗೂ ಒಂದು ಮೂಲ ಪಾಠ, ಪ್ರತಿ ವಿಷಯದೊಳಗೆ ಹೆಣಿಗೆ, ಆಸಕ್ತರಿಗೆ ವಿಶೇಷ ಅಧ್ಯಯನ. ನಮ್ಮ ಊರಿಗೆ, ನಮ್ಮ ಮಕ್ಕಳಿಗೆ ಯಾವುದು ಹೊಂದುತ್ತದೆ?


ಎಂಟನೇ ಸೆಮಿಸ್ಟರ್, ಸಿವಿಲ್

ಮೇಡಂ, ನಾನು ಬೇರೆ ಕಾಲೇಜಿನ ವಿದ್ಯಾರ್ಥಿ, ಆದರೆ ನೀವು ಹೇಳಿದ ಪ್ರಾಜೆಕ್ಟನ್ನೇ ನಾವೂ ಮಾಡಿದ್ದೇವೆ. ಒಂದು ವಿಷಯ ಹೇಳಲೇಬೇಕು. ನಮ್ಮ ಬೂದಿಯನ್ನು ನಾವು ಹೊರಗಿನಿಂದ ಪೊಟ್ಟಣದಲ್ಲಿ ತರಿಸಿದೆವು. ಸುತ್ತ ಅಕ್ಕಿ ಗಿರಣಿಗಳು, ಮಂಡಕ್ಕಿ ಭಟ್ಟಿಗಳು ಇರುವ ಊರಿನಲ್ಲಿ ಓದುತ್ತಾ ಬೂದಿಯನ್ನು ಕೊರಿಯರ್‌ನಲ್ಲಿ ತರಿಸಿದೆವು. ಆಗ ಅದು ವಿಚಿತ್ರ ಎಂದು ನಮ್ಮ ನಾಲ್ವರಲ್ಲಿ ಒಬ್ಬರಿಗೂ ಅನ್ನಿಸಲಿಲ್ಲ. ನಿಮ್ಮ ಬರಹ ಓದಿದ ಮೇಲೆ ಅನ್ನಿಸುತ್ತಿದೆ.

ಪರಿಸರ ಅಧ್ಯಯನ ಎಂಬ ಪೇಪರ್ ನಮಗೂ ಇತ್ತು. ಸರಿ ಉತ್ತರಕ್ಕೆ ಗುರುತು ಹಾಕುವ ಪರೀಕ್ಷೆ. ಹಿಂದಿನ ರಾತ್ರಿ ಓದಿ ಒಳ್ಳೆಯ ಅಂಕ ತೆಗೆದೆ. ಓಜೋನ್ ಪದರದ ಬಗ್ಗೆ ನಾಲ್ಕು ಸಾಲು ನೆನಪಿವೆ, ನಮ್ಮ ಹಾಸ್ಟೆಲಿನ ಕೊಳಚೆ ನೀರು ಎಲ್ಲಿಗೆ ಹೋಗುತ್ತದೆ ಎಂಬುದು ಇವತ್ತಿಗೂ ಗೊತ್ತಿಲ್ಲ.


ನಿವೃತ್ತ ಎಇಇ, ಚಿತ್ರದುರ್ಗ

ಮೇಡಂ, ಸಣ್ಣ ನೀರಾವರಿ ಇಲಾಖೆಯಲ್ಲಿ ಮೂವತ್ತೆರಡು ವರ್ಷ ದುಡಿದು ಎಇಇ, ಅಂದರೆ ಸಹಾಯಕ ಕಾರ್ಯಪಾಲಕ ಎಂಜಿನಿಯರ್ ಆಗಿ ನಿವೃತ್ತನಾದವನು ನಾನು. ನಿಮ್ಮ ಮಕ್ಕಳನ್ನು ಒಂದು ದಿನ ನಮ್ಮ ಕೋಟೆಗೆ ಕರೆದುಕೊಂಡು ಬನ್ನಿ. ಒನಕೆ ಓಬವ್ವನ ಕಿಂಡಿ ನೋಡಿ ಫೋಟೋ ತೆಗೆದು ಹೋಗಲು ಅಲ್ಲ, ನೀರಿನ ದಾರಿ ಹಿಡಿದು ನಡೆಯಲು. ಬಂಡೆಯ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡಕ್ಕೆ ಇಳಿಯುತ್ತದೆ. ಅದು ತುಂಬಿ ಉಕ್ಕಿದ್ದು ಅಕ್ಕ-ತಂಗಿಯರ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡ, ಸಂತೆ ಹೊಂಡ. ಪಂಪಿಲ್ಲ, ವಿದ್ಯುತ್ತಿಲ್ಲ, ವಾಲ್ವ್ ತಿರುಗಿಸುವವನಿಲ್ಲ. ವರ್ಷಕ್ಕೆ ಆರುನೂರು ಮಿ.ಮೀ. ಆಸುಪಾಸು ಮಳೆಯಾಗುವ ಬಯಲುಸೀಮೆಯಲ್ಲಿ ಪಾಳೆಯಗಾರರ ಕಾಲದವರು ಗುಡ್ಡದ ಇಳಿಜಾರನ್ನೇ ಯಂತ್ರ ಮಾಡಿಕೊಂಡರು. ಲೆವೆಲಿಂಗ್ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಆಟೋ ಲೆವೆಲ್ ಹಿಡಿದು ಒಂದು ಹೊಂಡದ ಕೋಡಿಗೂ ಇನ್ನೊಂದರ ಬಾಯಿಗೂ ಇರುವ ಎತ್ತರದ ವ್ಯತ್ಯಾಸ ಅಳೆಯಲಿ. ಆ ಅಂಕಿಯನ್ನು ಅವರು ಮರೆಯುವುದಿಲ್ಲ.

ಎರಡನೆಯ ಮಾತು ಕಹಿ, ಆದರೂ ಹೇಳುತ್ತೇನೆ. ನೀವು ಎಷ್ಟೇ ಚೆನ್ನಾಗಿ ಕಲಿಸಿ, ಹುಡುಗ ಇಲಾಖೆಗೆ ಬಂದ ಮೊದಲ ದಿನ ಅವನ ಕೈಗೆ ಎಸ್‌ಆರ್ ಪುಸ್ತಕ, ಅಂದರೆ ಇಲಾಖೆಯ ದರಪಟ್ಟಿ, ಬರುತ್ತದೆ. ಅದರಲ್ಲಿ ದರ ಇರುವ ಕೆಲಸವನ್ನಷ್ಟೇ ಅಂದಾಜಿನಲ್ಲಿ ಸೇರಿಸಬಹುದು. ನಾನು ಒಮ್ಮೆ ಕೆರೆ ಏರಿಯ ಪಕ್ಕದ ಕಾವಲುಗಾರನ ಕೋಣೆಗೆ ಸುಡದೆ ಒತ್ತಿ ಮಾಡುವ ಮಣ್ಣಿನ ಒತ್ತಿಟ್ಟಿಗೆ ಹಾಕೋಣ ಎಂದು ಅಂದಾಜು ಬರೆದೆ. ಮಣ್ಣು ಅಲ್ಲೇ ಇತ್ತು, ಹೂಳು ತೆಗೆದದ್ದು. ‘ಇದಕ್ಕೆ ದರ ಎಲ್ಲಿದೆ?’ ಎಂಬ ಒಂದೇ ಸಾಲಿನ ಷರಾದೊಂದಿಗೆ ಕಡತ ಹಿಂದಿರುಗಿತು. ಸಾಮಗ್ರಿ, ಕೂಲಿ ಲೆಕ್ಕ ಹಾಕಿ ದರ ವಿಶ್ಲೇಷಣೆ ಮಾಡಿ, ಸಮರ್ಥನೆ ಬರೆದು, ಅನುಮೋದನೆ ಪಡೆಯುವ ದಾರಿ ಇದ್ದೇ ಇತ್ತು. ಹಾಗೆ ಮಾಡಲು ನನಗೆ ಯಾರೂ ಕಲಿಸಿರಲಿಲ್ಲ, ಮಾರ್ಚ್ ಬೇರೆ ಹತ್ತಿರ ಬಂದಿತ್ತು. ಸಿಮೆಂಟ್ ಬ್ಲಾಕ್ ಹಾಕಿ ಮುಗಿಸಿದೆ. ಸುಸ್ಥಿರತೆಯ ಪಾಠದಲ್ಲಿ ದರ ವಿಶ್ಲೇಷಣೆ ಇರಲೇಬೇಕು ಎಂದು ನಾನು ಹೇಳುವುದು ಅದಕ್ಕೇ. ಇಲ್ಲದಿದ್ದರೆ ನಿಮ್ಮ ಹುಡುಗನ ಒಳ್ಳೆಯ ಯೋಚನೆ ಮೊದಲ ಕಡತದಲ್ಲೇ ಸಾಯುತ್ತದೆ.


ಮೆಕ್ಯಾನಿಕಲ್ ಪ್ರಾಧ್ಯಾಪಕ

ನಾನು ಇಲ್ಲಿ ಎದುರು ಮಾತಾಡುತ್ತೇನೆ, ಬೇಸರಿಸಬೇಡಿ.

ಪರಿಸರ ಶಿಕ್ಷಣ ಕಡ್ಡಾಯವಾಗಬೇಕು ಎಂದು ಸುಪ್ರೀಂ ಕೋರ್ಟ್ ಪರಿಸರ ವಕೀಲ ಎಂ.ಸಿ. ಮೆಹ್ತಾ ಅವರ ಅರ್ಜಿಯ ಮೇಲೆ 1991ರಲ್ಲೇ ಹೇಳಿತು. ಜಾರಿಯಾಗಲಿಲ್ಲ ಎಂದು 2003ರಲ್ಲಿ ಮತ್ತೆ ಆದೇಶಿಸಿತು. ಫಲವಾಗಿ ದೇಶದ ಪದವಿ ಕಾಲೇಜುಗಳಿಗೆಲ್ಲ ಒಂದು ಪೇಪರ್ ಬಂತು. ಆ ಪೇಪರಿನ ಗತಿ ಏನಾಯಿತು ಎಂಬುದನ್ನು ಮೇಲೆ ಆ ಹುಡುಗನೇ ಬರೆದಿದ್ದಾನೆ. ಇನ್ನೊಂದು ಪೇಪರ್ ಸೇರಿಸಿದರೆ ಗತಿ ಬದಲಾಗುತ್ತದೆಯೇ?

ಹೆಣಿಗೆ ಎನ್ನುತ್ತೀರಿ. ಕಾಗದದ ಮೇಲೆ ಅದೂ ಆಗಿಹೋಗಿದೆ. ಎಂಜಿನಿಯರಿಂಗ್ ಕೋರ್ಸುಗಳಿಗೆ ಮಾನ್ಯತೆ ಕೊಡುವ ಎನ್‌ಬಿಎ ಮಂಡಳಿಯ ಹನ್ನೆರಡು ಪಿಒಗಳ, ಅಂದರೆ ಪದವೀಧರನಲ್ಲಿ ಇರಬೇಕಾದ ಗುಣಗಳ, ಪಟ್ಟಿಯಲ್ಲಿ ಏಳನೆಯದು ‘ಪರಿಸರ ಮತ್ತು ಸುಸ್ಥಿರತೆ’ಯೇ ಆಗಿತ್ತು. ಎಂಜಿನಿಯರಿಂಗ್ ಪದವಿಗಳನ್ನು ದೇಶಗಳು ಪರಸ್ಪರ ಮಾನ್ಯ ಮಾಡುವ ವಾಷಿಂಗ್ಟನ್ ಒಪ್ಪಂದಕ್ಕೆ ಭಾರತ 2014ರಲ್ಲಿ ಪೂರ್ಣ ಸದಸ್ಯನಾದ ಕಾಲದಿಂದ ನಾವೆಲ್ಲ ಸಿಒ-ಪಿಒ ಕೋಷ್ಟಕ, ಅಂದರೆ ಯಾವ ವಿಷಯದ ಗುರಿ ಯಾವ ಪಿಒಗೆ ಎಷ್ಟು ಹೊಂದುತ್ತದೆ ಎಂಬ ಪಟ್ಟಿ, ತುಂಬುತ್ತಾ ಬಂದಿದ್ದೇವೆ. ರಾತ್ರಿ ಹತ್ತು ಗಂಟೆಗೆ ವಿಭಾಗದಲ್ಲಿ ಕುಳಿತು ಪ್ರತಿ ವಿಷಯದ ಎದುರು 1, 2, 3 ಎಂದು ಅಂಕಿ ಹಾಕಿದವನು ನಾನು. ಯಂತ್ರ ವಿನ್ಯಾಸದ ಎದುರು ಪಿಒ-7ಕ್ಕೆ 2 ಎಂದು ಬರೆದೆ. ಆ ಎರಡಕ್ಕೆ ತಕ್ಕ ಒಂದೇ ಒಂದು ಪ್ರಶ್ನೆಯನ್ನು ಆ ಸಲ ಪ್ರಶ್ನೆಪತ್ರಿಕೆಯಲ್ಲಿ ಕೇಳಿರಲಿಲ್ಲ. ಇದನ್ನು ಹೇಳಲು ನನಗೆ ಸಂಕಟವಾಗುತ್ತದೆ.

ನನ್ನ ನಿಲುವು ಇಷ್ಟೇ. ಶಾಖವನ್ನೆಲ್ಲ ಕೆಲಸವಾಗಿಸಲು ಬಾರದು, ಒಂದಿಷ್ಟು ಪೋಲಾಗಿಯೇ ತೀರುತ್ತದೆ ಎನ್ನುವ ಉಷ್ಣಗತಿವಿಜ್ಞಾನದ ಎರಡನೆಯ ನಿಯಮವನ್ನು ಸರಿಯಾಗಿ ಅರ್ಥ ಮಾಡಿಸಿದರೆ ಅರ್ಧ ಸುಸ್ಥಿರತೆ ಬಂದಂತೆ. ಮೂಲ ವಿಷಯ ಬಿಗಿಯಾಗಿ ಕಲಿಸೋಣ. ಉಪದೇಶ ಬೇಡ.


ಭಟ್ಟಿ ಮನೆಯವನು

ನಾನು ದಾವಣಗೆರೆಯ ಮಂಡಕ್ಕಿ ಭಟ್ಟಿಯ ಮನೆಯಲ್ಲಿ ಹುಟ್ಟಿದವನು. ಓದಿದ್ದು ಮೆಕ್ಯಾನಿಕಲ್, ಈಗ ಬೆಂಗಳೂರಿನಲ್ಲಿ ಕೆಲಸ. ಪ್ರಾಧ್ಯಾಪಕರ ಎರಡನೆಯ ನಿಯಮದ ಮಾತಿಗೆ ಉತ್ತರ ಕೊಡಬೇಕೆನಿಸಿತು, ಸರ್.

ನಮ್ಮ ಭಟ್ಟಿಯ ಒಲೆ ನನ್ನ ಎದೆಯೆತ್ತರ. ಒಳಗೆ ಹೊಟ್ಟಿನ ಬೆಂಕಿ, ಮೇಲೆ ಬಾಣಲೆಯಲ್ಲಿ ಮರಳು. ಉಪ್ಪು ಹಿಡಿಸಿದ ಅಕ್ಕಿ ಕಾದ ಮರಳಿಗೆ ಬಿದ್ದು ಅರಳುವುದು ಕೆಲವೇ ಕ್ಷಣದಲ್ಲಿ. ಆ ಕೆಲವು ಕ್ಷಣಕ್ಕಾಗಿ ಒಲೆ ಇಡೀ ದಿನ ಉರಿಯುತ್ತದೆ. ಒಲೆಯ ಬಾಯಿಯ ಮುಂದೆ ಕೂರುವವರ ಮೊಣಕಾಲಿನ ಚರ್ಮ ಒಣಗಿ ಬಿರಿದಿರುತ್ತದೆ, ಅಷ್ಟು ಶಾಖ ಹೊರಗೆ ಬರುತ್ತದೆ. ಹೊಟ್ಟು ದುಬಾರಿಯಾದ ದಿನಗಳಲ್ಲಿ ಕೆಲವರು ಹಳೆಯ ಟೈರ್ ಸುಟ್ಟದ್ದೂ ಉಂಟು. ಆ ಕರಿ ಹೊಗೆ ನಮ್ಮ ಬೀದಿಯ ಮಕ್ಕಳ ಎದೆಗೇ ಹೋಗಿದೆ. ಎರಡನೆಯ ನಿಯಮವನ್ನು ನಾನು ಪರೀಕ್ಷೆಯಲ್ಲಿ ಎರಡು ಬಗೆಯಲ್ಲಿ ನಿರೂಪಿಸಿ ಪೂರ್ಣ ಅಂಕ ಪಡೆದೆ. ಅದು ನಮ್ಮ ಅಪ್ಪನ ಒಲೆಗೂ ಅನ್ವಯಿಸುತ್ತದೆ ಎಂದು ನಾಲ್ಕು ವರ್ಷದಲ್ಲಿ ಯಾರೂ ನನಗೆ ಹೇಳಲಿಲ್ಲ.

ವಿದ್ಯಾರ್ಥಿಗಳು ನಮ್ಮಲ್ಲಿಗೆ ಬರುವುದಿಲ್ಲ ಎಂದಲ್ಲ. ಎರಡು ಸಲ ಬಂದಿದ್ದಾರೆ. ಪ್ರಶ್ನಾವಳಿ ಹಿಡಿದು ಬಂದು, ‘ಹೊಗೆಯಿಂದ ತೊಂದರೆ ಇದೆಯೇ, ಹೌದು/ಇಲ್ಲ’ ಎಂದು ಗುರುತು ಹಾಕಿಸಿಕೊಂಡು, ಅಮ್ಮ ಕೊಟ್ಟ ಮಂಡಕ್ಕಿ ಮೆಣಸಿನಕಾಯಿ ತಿಂದು, ಒಲೆಯ ಜೊತೆ ಫೋಟೋ ತೆಗೆಸಿಕೊಂಡು ಹೋದರು. ವರದಿಯಲ್ಲಿ ಏನು ಬರೆದರೆಂದು ನಮಗೆ ತಿಳಿಸಲಿಲ್ಲ. ನಮ್ಮ ತಂದೆ ಇವತ್ತಿಗೂ ಕೇಳುತ್ತಾರೆ, ‘ಆ ಹುಡುಗರು ಮತ್ತೆ ಬರುತ್ತೇವೆ ಅಂದಿದ್ದರಲ್ಲ?’ ಎಂದು.

ಒಂದು ಮೂಟೆ ಮಂಡಕ್ಕಿಗೆ ಎಷ್ಟು ಕಿಲೋ ಹೊಟ್ಟು ಸುಡುತ್ತೇವೆ ಎಂಬುದು ನಮಗೇ ಸರಿಯಾಗಿ ಗೊತ್ತಿಲ್ಲ. ಅದನ್ನು ಒಬ್ಬರು ಕುಳಿತು ತೂಗಿ ಹೇಳಿದ್ದರೆ ಸಾಕಿತ್ತು.


ಸಿವಿಲ್ ಉಪನ್ಯಾಸಕಿ, ದಾವಣಗೆರೆ

ಓದಿ ಸುಮ್ಮನೆ ಕುಳಿತುಬಿಟ್ಟೆ. ಬಂದವರು ನಮ್ಮ ಕಾಲೇಜಿನವರೋ ಅಲ್ಲವೋ, ಮೇಷ್ಟರ ಜಾತಿಯವಳಾಗಿ ನಿಮ್ಮ ತಂದೆಯವರಲ್ಲಿ ಕ್ಷಮೆ ಕೇಳುತ್ತೇನೆ.

ಒಂದು ಪ್ರಶ್ನೆ ಕೇಳಲೇ? ನಿಮ್ಮ ಒಲೆಯ ಬೂದಿ ಯಾವ ಬಣ್ಣ? ಭತ್ತದ ತೂಕದಲ್ಲಿ ಐದರಲ್ಲಿ ಒಂದು ಪಾಲು ಹೊಟ್ಟು, ಹೊಟ್ಟಿನ ತೂಕದಲ್ಲಿ ಐದರಲ್ಲಿ ಒಂದು ಪಾಲು ಬೂದಿ. ಒಂದು ಟನ್ ಭತ್ತಕ್ಕೆ ಸುಮಾರು 40 ಕಿಲೋ ಬೂದಿ ಎಂದಾಯಿತು. ಅದರಲ್ಲಿ ಹೆಚ್ಚಿನದು ಸಿಲಿಕಾ. ಆದರೆ 600–700 ಡಿಗ್ರಿ ಆಸುಪಾಸಿನಲ್ಲಿ ಹದವಾಗಿ ಸುಟ್ಟರೆ ಮಾತ್ರ ಅದು ಸಿಮೆಂಟಿನ ಜೊತೆ ಚುರುಕಾಗಿ ಬೆರೆಯುವ ರೂಪದಲ್ಲಿ ಉಳಿಯುತ್ತದೆ. ತಾಪ ತುಂಬ ಏರಿದರೆ ಹರಳುಗಟ್ಟುತ್ತದೆ, ಗಾಳಿ ಸಾಲದಿದ್ದರೆ ಕರಿ ಉಳಿಯುತ್ತದೆ.


ಭಟ್ಟಿ ಮನೆಯವನು

ಕಪ್ಪು, ಮೇಡಂ. ಅಲ್ಲಲ್ಲಿ ಬೂದು.


ಸಿವಿಲ್ ಉಪನ್ಯಾಸಕಿ, ದಾವಣಗೆರೆ

ಹಾಗಾದರೆ ಒಲೆಯೂ ಇಂಧನ ಪೋಲು ಮಾಡುತ್ತಿದೆ, ನನ್ನ ಕಾಂಕ್ರೀಟಿಗೂ ಆ ಬೂದಿ ಒದಗುತ್ತಿಲ್ಲ. ಎರಡೂ ಒಂದೇ ಗಾಳಿಯ ಪ್ರಶ್ನೆ. ಮೆಕ್ಯಾನಿಕಲ್ ಮತ್ತು ಸಿವಿಲ್ ಮಕ್ಕಳು ಒಟ್ಟಿಗೆ ಕೂರಬೇಕಾದ ಜಾಗ ಇದು. ಇದುವರೆಗೆ ನನಗೆ ಇದು ಹೊಳೆದಿರಲಿಲ್ಲ.


ಗ್ರಾಮ ಪಂಚಾಯಿತಿ ಸದಸ್ಯೆ, ಚಳ್ಳಕೆರೆ ತಾಲ್ಲೂಕು

ನಾನು ಎಂಜಿನಿಯರ್ ಅಲ್ಲ, ಪಿಯುಸಿವರೆಗೆ ಓದಿದವಳು. ನಮ್ಮೂರಿನ ಕೊಳವೆಬಾವಿಯಲ್ಲಿ ಫ್ಲೋರೈಡ್ ಇದೆ. ಹಲ್ಲಿನ ಮೇಲೆ ಕಂದು ಗೆರೆ ಇರುವ ಮಕ್ಕಳನ್ನು ನಮ್ಮ ಶಾಲೆಯಲ್ಲಿ ನೋಡಬಹುದು. ಶುದ್ಧ ನೀರಿನ ಘಟಕ ಬಂದ ಮೇಲೆ ಐದು ರೂಪಾಯಿಯ ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುತ್ತೇವೆ. ಒಳ್ಳೆಯದೇ ಆಯಿತು. ಆದರೆ ಘಟಕದ ಹಿಂದಿನ ಪೈಪಿನಿಂದ ಹೊರಗೆ ಹರಿಯುವ ನೀರು ಬೇವಿನ ಮರದ ಬುಡದ ಗುಂಡಿಯಲ್ಲಿ ನಿಲ್ಲುತ್ತದೆ. ಸಂಜೆ ಮನೆಗೆ ಬರುವ ಕುರಿಗಳು ಅದನ್ನೇ ಕುಡಿಯುತ್ತವೆ. ಘಟಕ ಕೂರಿಸಿದ ಎಂಜಿನಿಯರನ್ನು ಕೇಳಿದೆ. ‘ಅದು ವೇಸ್ಟ್ ನೀರು ಅಕ್ಕ’ ಎಂದರು. ವೇಸ್ಟ್ ಆದರೆ ಅದರಲ್ಲಿ ಏನಿದೆ, ಎಷ್ಟಿದೆ ಎಂದು ಯಾರೂ ಹೇಳಲಿಲ್ಲ. ನಿಮ್ಮ ಪಾಠದಲ್ಲಿ ಇದಕ್ಕೆ ಜಾಗ ಇದೆಯೇ ಮೇಡಂ?


ಮೆಕ್ಯಾನಿಕಲ್ ಪ್ರಾಧ್ಯಾಪಕ

ಸದಸ್ಯರೇ, ಮೇಡಂಗಿಂತ ಮೊದಲು ನಾನು ಉತ್ತರಿಸುತ್ತೇನೆ, ಇದು ಸರಳ ಲೆಕ್ಕ. ಕೊಳವೆಬಾವಿಯ ನೀರಿನಲ್ಲಿ ಲೀಟರಿಗೆ 2 ಮಿಲಿಗ್ರಾಂ ಫ್ಲೋರೈಡ್ ಇದೆ ಎಂದುಕೊಳ್ಳಿ. ಕುಡಿಯಲು 1.5 ಮೀರಬಾರದು. ಆರ್‌ಒ ಯಂತ್ರ ಅರ್ಧ ನೀರನ್ನು ಶುದ್ಧ ಮಾಡಿ ಅರ್ಧವನ್ನು ಹೊರಗೆ ಬಿಟ್ಟರೆ, ಫ್ಲೋರೈಡ್ ಎಲ್ಲಿಗೂ ಮಾಯವಾಗುವುದಿಲ್ಲ. ಹೆಚ್ಚುಕಡಿಮೆ ಎಲ್ಲವೂ ಆ ಅರ್ಧದಲ್ಲೇ ಸೇರಿ, ಲೀಟರಿಗೆ 4ರ ಹತ್ತಿರ ಬರುತ್ತದೆ. ನಿಮ್ಮ ಕುರಿಗಳು ಕುಡಿಯುತ್ತಿರುವುದು ಬಾವಿಯ ನೀರಿಗಿಂತ ಎರಡು ಪಟ್ಟು ಗಟ್ಟಿಯಾದದ್ದು. ಸದ್ಯಕ್ಕೆ ಆ ಗುಂಡಿಗೆ ಬೇಲಿ ಹಾಕಿಸಿ, ನೀರನ್ನು ಶೌಚಾಲಯದ ಫ್ಲಷ್‌ಗೋ ನೆಲ ತೊಳೆಯಲೋ ತಿರುಗಿಸಿ. ಶಾಲೆಯ ಸೂರಿನ ಮಳೆನೀರು ಹಿಡಿದರೆ ಇನ್ನೂ ಒಳ್ಳೆಯದು, ಅದರಲ್ಲಿ ಫ್ಲೋರೈಡ್ ಇರುವುದಿಲ್ಲ. ಒಂದು ಚದರ ಮೀಟರ್ ಸೂರಿನ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್. 200 ಚದರ ಮೀಟರ್ ಸೂರು, ವರ್ಷಕ್ಕೆ 450 ಮಿ.ಮೀ. ಮಳೆ, ಶೇ 20 ಸೋರಿಕೆ ಕಳೆದರೂ 72,000 ಲೀಟರ್.

ಇದನ್ನು ಬರೆಯುತ್ತಾ ನನಗೇ ಅರಿವಾಯಿತು. ಒಳಗೆ ಬಂದದ್ದನ್ನೂ ಹೊರಗೆ ಹೋದದ್ದನ್ನೂ ಸರಿದೂಗಿಸುವ ದ್ರವ್ಯ ಸಮತೋಲನದ ಪಾಠದಲ್ಲಿ ನಾನು ಯಾವಾಗಲೂ ಶುದ್ಧ ನೀರಿನ ಬದಿಯ ಉತ್ತರವನ್ನಷ್ಟೇ ಕೇಳುತ್ತೇನೆ. ಇನ್ನೊಂದು ಪೈಪಿನ ಬಗ್ಗೆ ಪ್ರಶ್ನೆ ಕೇಳಿದ ನೆನಪಿಲ್ಲ.


ಎಲೆಕ್ಟ್ರಿಕಲ್ ವಿದ್ಯಾರ್ಥಿನಿ, ಚಿತ್ರದುರ್ಗ

ನಾವು ಮೂವರು ನಮ್ಮ ವಿಭಾಗದ ಫ್ಯಾನುಗಳ ಲೆಕ್ಕ ತೆಗೆದೆವು. ಒಟ್ಟು 64. ಹಳೆಯ ಫ್ಯಾನು 75 ವ್ಯಾಟ್, ಈಗಿನ ಬಿಎಲ್‌ಡಿಸಿ ಫ್ಯಾನು 30 ವ್ಯಾಟ್. ವರ್ಷಕ್ಕೆ 1,200 ಗಂಟೆ ಓಡಿದರೆ ಸುಮಾರು 3,450 ಯೂನಿಟ್ ಉಳಿತಾಯ. ಎಲ್ಲವನ್ನೂ ಬದಲಿಸಿ ಎಂದು ವರದಿ ಬರೆಯುವವರಿದ್ದೆವು. ನಮ್ಮ ಲ್ಯಾಬಿನ ಅಟೆಂಡರ್ ಅಣ್ಣ ಕೇಳಿದರು, ‘ಚೆನ್ನಾಗಿ ತಿರುಗುತ್ತಿರುವ 64 ಫ್ಯಾನನ್ನು ಎಲ್ಲಿ ಎಸೆಯುತ್ತೀರಮ್ಮ?’ ಉತ್ತರ ಇರಲಿಲ್ಲ. ಒಂದಕ್ಕೆ 3,000 ರೂಪಾಯಿ, ಯೂನಿಟ್ಟಿಗೆ 8 ರೂಪಾಯಿ ಎಂದು ಹಿಡಿದರೂ ಹಾಕಿದ ಹಣ ಮರಳಲು ಏಳು ವರ್ಷ ಬೇಕು. ಆಮೇಲೆ ಒಂದು ವಾರ ಊಟದ ಹೊತ್ತಿನಲ್ಲಿ ಕೊಠಡಿಗಳನ್ನು ಸುತ್ತಿದೆವು. ಖಾಲಿ ಕೊಠಡಿಯಲ್ಲಿ ತಿರುಗುತ್ತಿದ್ದ ಫ್ಯಾನುಗಳನ್ನು ಎಣಿಸಿ ಪ್ರತಿದಿನ ಬಾಗಿಲಿಗೆ ಚೀಟಿ ಅಂಟಿಸಿದೆವು. ಈಗ ವರದಿ ಹೀಗಿದೆ: ವೈಂಡಿಂಗ್ ಸುಟ್ಟ ಫ್ಯಾನಿನ ಜಾಗಕ್ಕೆ ಮಾತ್ರ ಹೊಸದು. ಅಣ್ಣನ ಪ್ರಶ್ನೆಯನ್ನೂ ವರದಿಯಲ್ಲಿ ಅವರ ಮಾತಿನಲ್ಲೇ ಬರೆದಿದ್ದೇವೆ.


ಸಾಫ್ಟ್‌ವೇರ್ ಉದ್ಯೋಗಿ

ಎಲ್ಲವೂ ಸರಿ. ಆದರೆ ಕ್ಯಾಂಪಸ್ ಸಂದರ್ಶನಕ್ಕೆ ಬರುವವರು ಭಟ್ಟಿಯ ಬಗ್ಗೆ ಕೇಳುವುದಿಲ್ಲ. ಸಾಲ ಮಾಡಿ ಮಗನನ್ನು ಓದಿಸುವ ರೈತನಿಗೆ ಮೊದಲು ಬೇಕಿರುವುದು ಮಗನ ಕೈಗೆ ಕೆಲಸ. ಆ ಭಾರವನ್ನು ಮರೆತು ಪಠ್ಯ ಬರೆಯಬೇಡಿ ಎಂದಷ್ಟೇ ನನ್ನ ವಿನಂತಿ.


ಸಿವಿಲ್ ಉಪನ್ಯಾಸಕಿ, ದಾವಣಗೆರೆ

ಮರೆಯುವುದಿಲ್ಲ. ನನ್ನ ತಂದೆಯೂ ಭದ್ರಾ ನಾಲೆಯ ಕೊನೆಯ ಭಾಗದ ರೈತರೇ. ಆದರೆ ಒಲೆಯ ಇಂಧನವನ್ನು ತೂಗಿ, ಗಾಳಿಯ ಲೆಕ್ಕ ಮಾಡಿ, ಖರ್ಚು-ಉಳಿತಾಯ ಬರೆದು, ಒಲೆಯ ಯಜಮಾನನಿಗೆ ಒಪ್ಪುವಂತೆ ವಿವರಿಸಬಲ್ಲವನು ಯಾವ ಸಂದರ್ಶನದಲ್ಲೂ ತಡವರಿಸುವುದಿಲ್ಲ ಎಂಬುದು ನನ್ನ ಅನುಭವ.


ಕಾವಲಿನ ದನಗಾಹಿಯ ಮಗ

ಹಸಿರು ಶಕ್ತಿಯ ಬಗ್ಗೆಯೂ ಒಂದು ಮಾತು ಸೇರಿಸಿ. ಜೋಗಿಮಟ್ಟಿಯ ಕಡೆ ಗಾಳಿಯಂತ್ರಗಳನ್ನು ನೋಡುತ್ತಾ ಬೆಳೆದವನು ನಾನು, ಅವುಗಳ ಮೇಲೆ ದ್ವೇಷವಿಲ್ಲ. ಆದರೆ ಸೌರಫಲಕಕ್ಕಾಗಲಿ ದೊಡ್ಡ ಕ್ಯಾಂಪಸ್ಸಿಗಾಗಲಿ ಜಾಗ ಹುಡುಕುವ ಎಂಜಿನಿಯರ್ ನಕ್ಷೆಯಲ್ಲಿ ನಮ್ಮ ಕಾವಲನ್ನು, ಅಂದರೆ ದನ ಮೇಯುವ ಹುಲ್ಲುಗಾವಲನ್ನು, ‘ಖಾಲಿ ಜಾಗ’ ಎಂದು ಬಣ್ಣ ಹಚ್ಚುತ್ತಾನೆ. ಚಳ್ಳಕೆರೆಯ ಅಮೃತ ಮಹಲ್ ಕಾವಲಿನ ಸಾವಿರಾರು ಎಕರೆ ಇಂಥ ಯೋಜನೆಗಳಿಗೆ ಹೋದದ್ದು, ಅದು ಹಸಿರು ನ್ಯಾಯಮಂಡಳಿಯವರೆಗೆ ಮುಟ್ಟಿದ್ದು ನಿಮಗೆಲ್ಲ ಗೊತ್ತು. ಹುಲ್ಲು ಇರುವ ನೆಲ ಖಾಲಿ ನೆಲವಲ್ಲ. ಅಲ್ಲಿ ಕೃಷ್ಣಮೃಗ ಇದೆ, ನಮ್ಮ ಕುರಿ ದನ ಇವೆ, ಕಂಬಳಿ ನೇಯುವವರ ಅನ್ನ ಇದೆ. ಸರ್ವೇ ಕಲಿಸುವಾಗ ಮಕ್ಕಳಿಗೆ ಇದೊಂದನ್ನು ಹೇಳಿ: ಅಳತೆಯ ಟೋಟಲ್ ಸ್ಟೇಷನ್ ಯಂತ್ರ ನಿಲ್ಲಿಸುವ ಮೊದಲು ಆ ನೆಲದಲ್ಲಿ ಯಾರು ಓಡಾಡುತ್ತಾರೆ ಎಂದು ಅಲ್ಲಿಯವರನ್ನು ಕೇಳಿ.


ನಿವೃತ್ತ ಎಇಇ, ಚಿತ್ರದುರ್ಗ

ಈ ಮಾತು ಬಹಳ ಮುಖ್ಯ. ಇದಕ್ಕೆ ಇನ್ನೊಂದು ಸೇರಿಸುತ್ತೇನೆ. ವಾಣಿವಿಲಾಸ ಸಾಗರದ ಕಟ್ಟೆ ಮುಗಿದದ್ದು 1907ರಲ್ಲಿ. ಕೋಡಿ ಬಿದ್ದದ್ದು 1933ರಲ್ಲಿ, ಆಮೇಲೆ 89 ವರ್ಷ ಕಳೆದು 2022ರಲ್ಲಿ. ನಾನು ಸೇವೆಗೆ ಸೇರಿ, ನಿವೃತ್ತನಾಗಿ ಮನೆಗೆ ಬಂದ ಮೇಲೆ ಆ ನೀರು ಕೋಡಿ ದಾಟಿತು. ನಾವು ಮಾಡುವ ಕೆಲಸದ ಆಯಸ್ಸು ನಮ್ಮ ಸೇವಾವಧಿಗಿಂತ ದೊಡ್ಡದು. ನಿರ್ವಹಣೆಗೆ ಯಾರು, ಹಣ ಎಲ್ಲಿಂದ ಎಂಬ ಸಾಲು ಪ್ರತಿ ವಿನ್ಯಾಸದ ಕೊನೆಗೆ ಬರೆಸಿ.


ಮೆಕ್ಯಾನಿಕಲ್ ಪ್ರಾಧ್ಯಾಪಕ

ಉಪದೇಶ ಬೇಡ ಎಂದಿದ್ದೆ, ಈಗಲೂ ಬೇಡ. ಉಳಿದದ್ದರಲ್ಲಿ ನನ್ನ ಅಭಿಪ್ರಾಯ ಬದಲಾಗಿದೆ. ನಮಗೆ ಡೆಲ್ಫ್ಟ್‌ಗಿಂತ ಹತ್ತಿರದ ಉದಾಹರಣೆಯೇ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ವಿಜ್ಞಾನಿ ಅಮೂಲ್ಯ ರೆಡ್ಡಿಯವರು ತಂತ್ರಜ್ಞಾನವನ್ನು ಹಳ್ಳಿಗಳಿಗೆ ಒದಗಿಸಲು ಕಟ್ಟಿದ ‘ಅಸ್ತ್ರ’. ತುಮಕೂರು ಜಿಲ್ಲೆಯ ಉಂಗ್ರದಲ್ಲಿ ಕೇಂದ್ರ ಮಾಡಿಕೊಂಡು, ಸುತ್ತಲಿನ ಹಳ್ಳಿಗಳಲ್ಲಿ ಸೌದೆಗೆ, ನೀರಿಗೆ ಹೆಂಗಸರ ಎಷ್ಟು ಹೊತ್ತು ಹೋಗುತ್ತದೆ ಎಂಬುದನ್ನೂ ಅಳೆದರು. ಕಡಿಮೆ ಸೌದೆಯ ಅಸ್ತ್ರ ಒಲೆ, ಮಣ್ಣಿನ ಒತ್ತಿಟ್ಟಿಗೆಯ ಕೆಲಸ ಎಲ್ಲ ಹಾಗೆ ಅಳೆಯುತ್ತಾ ಬೆಳೆದದ್ದು. ನಾನು ವಿದ್ಯಾರ್ಥಿಯಾಗಿದ್ದಾಗ ನಮ್ಮ ಮನೆಯಲ್ಲೇ ಆ ಒಲೆ ಇತ್ತು, ಅದರ ಹಿಂದಿನ ಶಾಖ ವರ್ಗಾವಣೆಯ ಲೆಕ್ಕವನ್ನು ಮಾತ್ರ ನಾನು ಯಾವತ್ತೂ ತರಗತಿಗೆ ತರಲಿಲ್ಲ.

ಮೇಡಂ, ಶಾಖ ವರ್ಗಾವಣೆ ಲ್ಯಾಬಿನ, ತಾಪ ಅಳೆಯುವ ಥರ್ಮೋಕಪಲ್‌ಗಳು ನನ್ನ ಸುಪರ್ದಿಯಲ್ಲಿವೆ. ಕೊಡುತ್ತೇನೆ, ನಾನೂ ಬರುತ್ತೇನೆ. ಖರ್ಚಿಗೆ ರಾಜ್ಯ ವಿಜ್ಞಾನ ಮಂಡಳಿಯ ವಿದ್ಯಾರ್ಥಿ ಪ್ರಾಜೆಕ್ಟ್ ಯೋಜನೆಗೆ ಅರ್ಜಿ ಹಾಕೋಣ.


ಸಿವಿಲ್ ಉಪನ್ಯಾಸಕಿ, ದಾವಣಗೆರೆ

ಐದು ಮಾಡ್ಯೂಲಿನ ಕರಡನ್ನು ಪಕ್ಕಕ್ಕಿಟ್ಟೆ. ಸಭೆಗೆ ಬೇರೊಂದು ಪ್ರಸ್ತಾವ ಒಯ್ಯುತ್ತಿದ್ದೇನೆ. ಐಚ್ಛಿಕ ವಿಷಯ ಇರಲಿ, ಆದರೆ ಅದರ ಅಂಕದಲ್ಲಿ ಅರ್ಧ ಊರಿನ ಒಂದು ಕೆಲಸದ ಅಳತೆಗೆ. ಅಳೆದದ್ದನ್ನು ಆ ಜಾಗದವರ ಮುಂದೆ ಕನ್ನಡದಲ್ಲಿ ಓದಿ ಹೇಳಿ, ಅವರ ಸಹಿ ತಂದರೆ ಮಾತ್ರ ಅಂಕ. ಹಿಂದಿನ ತಂಡದ ವರದಿಯನ್ನು ಮುಂದಿನ ತಂಡ ಮುಂದುವರಿಸಬೇಕು, ಹೊಸದಾಗಿ ಶುರು ಮಾಡುವಂತಿಲ್ಲ. ಕಾಂಕ್ರೀಟ್ ಮಿಶ್ರಣ ವಿನ್ಯಾಸದ ನನ್ನ ಪ್ರತಿ ಲೆಕ್ಕದ ಕೊನೆಗೂ ಎರಡು ಸಾಲು ಸೇರುತ್ತವೆ: ಒಂದು ಘನ ಮೀಟರಿಗೆ ಎಷ್ಟು ಇಂಗಾಲ, ದರ ವಿಶ್ಲೇಷಣೆ ಏನು. ಸಿಮೆಂಟಿಗಾಗಿ 100 ಕಿಲೋ ಸುಣ್ಣದ ಕಲ್ಲು ಸುಟ್ಟರೆ ಇಂಧನದ ಹೊಗೆಯನ್ನು ಬಿಟ್ಟೂ 44 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಡುತ್ತದೆ ಎಂಬುದನ್ನು ಅವರು ಪಿಯುಸಿಯಲ್ಲೇ ಕಲಿತಿದ್ದಾರೆ. ನಾನು ಸಿಮೆಂಟ್ ಚೀಲದ ಪಕ್ಕದಲ್ಲಿ ನಿಂತು ನೆನಪಿಸಿದರೆ ಸಾಕು. ಸುಣ್ಣದ ಕಲ್ಲಿನ ಪುಡಿ ಮತ್ತು ಸುಟ್ಟ ಜೇಡಿ ಬೆರೆಸಿ ಕ್ಲಿಂಕರನ್ನು, ಅಂದರೆ ಸುಣ್ಣದ ಕಲ್ಲು ಸುಟ್ಟು ಮಾಡುವ ಸಿಮೆಂಟಿನ ಮೂಲ ಗಟ್ಟಿಯನ್ನು, ಅರ್ಧಕ್ಕೆ ಇಳಿಸುವ ಎಲ್‌ಸಿ3 ಸಿಮೆಂಟಿಗೆ 2023ರಲ್ಲಿ ಭಾರತೀಯ ಮಾನಕವೂ ಬಂದಿದೆ, ಅದನ್ನೂ ಪಾಠಕ್ಕೆ ತರುತ್ತೇನೆ.

ಸಭೆ ಒಪ್ಪುತ್ತದೆಯೋ ಇಲ್ಲವೋ, ಈ ಶನಿವಾರ ಭಟ್ಟಿಗೆ ಬರಬಹುದೇ? ನಾವು ಇಬ್ಬರು ಮೇಷ್ಟರು, ನಾಲ್ವರು ಮಕ್ಕಳು. ಪ್ರಶ್ನಾವಳಿ ತರುವುದಿಲ್ಲ.


ಭಟ್ಟಿ ಮನೆಯವನು

ಬನ್ನಿ ಮೇಡಂ. ಅಪ್ಪನಿಗೆ ಫೋನ್ ಮಾಡಿ ಹೇಳಿದ್ದೇನೆ, ನಾನೂ ಶುಕ್ರವಾರ ರಾತ್ರಿಯ ಬಸ್ಸಿಗೆ ಹೊರಡುತ್ತೇನೆ. ಬೆಳಗ್ಗೆ ನಾಲ್ಕಕ್ಕೆ ಒಲೆ ಹಚ್ಚುತ್ತಾರೆ, ಅದಕ್ಕೂ ಮೊದಲು ಬಂದರೆ ಹೊಟ್ಟನ್ನು ತೂಗಿಯೇ ಒಲೆಗೆ ಹಾಕಬಹುದು. ಚೀಲ ತೂಗುವ ತಕ್ಕಡಿ ನಮ್ಮಲ್ಲೇ ಇದೆ. ಹತ್ತಿಯ ಬಟ್ಟೆ ಹಾಕಿಕೊಂಡು ಬರಲು ಮಕ್ಕಳಿಗೆ ಹೇಳಿ, ಒಲೆಯ ಬಾಯಿಯ ಹತ್ತಿರ ಪಾಲಿಸ್ಟರ್ ಬೇಡ.